ಹುಟ್ಟಿದ ಹಬ್ಬದ ಪಟ್ಟಿ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಲೆಕ್ಕದ ಪುಸ್ತಕವಿದೆ. ಅದರಲ್ಲಿ ಇಪ್ಪತ್ತೆರಡು ಹೆಸರು. ಹೆಸರಿನ ಮುಂದೆ ಹುಟ್ಟಿದ ತಾರೀಖು. ಅದರ ಮುಂದೆ ತಿಂಗಳು ತಿಂಗಳು ಕೊಟ್ಟ ನೂರು ರೂಪಾಯಿಯ ಗುರುತು. ಪುಸ್ತಕವನ್ನು ಇಟ್ಟುಕೊಂಡಿರುವವರು ವಾಣಿಜ್ಯಶಾಸ್ತ್ರದ ಮಿತ್ರರು. ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಚಂದಾ ಬಾಕಿ ಇಟ್ಟವರ ಕೇಕು ಅರ್ಧ ಕಿಲೋಗೆ ಇಳಿಯುತ್ತದೆಂದು ಹೆದರಿಸಿದ್ದೂ ಉಂಟು. ಯಾರದಾದರೂ ಹುಟ್ಟಿದ ಹಬ್ಬ ಬಂದರೆ ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ಸೇರುತ್ತೇವೆ. ಒಂದು ಕೇಕು, ಒಂದಿಷ್ಟು ಖಾರ, ಕಾಫಿ. ನಾಲ್ಕು ಜನ ಇಂಗ್ಲಿಷಿನಲ್ಲಿ ಹಾಡುತ್ತಾರೆ. ಕನ್ನಡದ ಅಧ್ಯಾಪಕನಾದ ನಾನು ತುಟಿಯನ್ನಷ್ಟೇ ಆಡಿಸುತ್ತೇನೆ. ಹತ್ತು ನಿಮಿಷಕ್ಕೆ ಗಂಟೆ ಹೊಡೆಯುತ್ತದೆ. ಅಷ್ಟೇ. ಆದರೂ ಬೆಳಗಿನಿಂದ ಮುಖ ಗಂಟು ಹಾಕಿಕೊಂಡಿದ್ದವರು ಆ ಹತ್ತು ನಿಮಿಷ ನಗುವುದನ್ನು ಕಂಡಿದ್ದೇನೆ. ಆದ್ದರಿಂದ ಈ ಪದ್ಧತಿಯನ್ನು ಹಳಿಯಲು ನನಗೆ ಮನಸ್ಸಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ಇದಿರಲಿಲ್ಲ. ಮೈಸೂರಿನಲ್ಲಿ ಊರೆಲ್ಲ ಆಚರಿಸುತ್ತಿದ್ದ ಹುಟ್ಟಿದ ಹಬ್ಬವೆಂದರೆ ರಾಮಕೃಷ್ಣರಂಥ ದೇವರದು, ಇಲ್ಲವೆ ಮಹಾರಾಜರ ವರ್ಧಂತಿ. ಮನೆಯಲ್ಲಿ ತಿಥಿ ನೋಡಿ ಮಕ್ಕಳಿಗೆ ಎಣ್ಣೆಯೊತ್ತಿ ನೀರೆರೆದು ಆರತಿ ಎತ್ತುತ್ತಿದ್ದರು. ದೊಡ್ಡವರಾದ ಮೇಲೆ ಎಷ್ಟೋ ಜನಕ್ಕೆ ಅದೂ ಇಲ್ಲ. ಹುಟ್ಟಿದ ಹಬ್ಬಕ್ಕೂ ಅಧ್ಯಾಪಕರಿಗೂ ನಂಟು ಬೆಸೆದವರು ಸರ್ವಪಲ್ಲಿ ರಾಧಾಕೃಷ್ಣನ್. 1918ರಿಂದ 1921ರವರೆಗೆ ಅವರು ನಮ್ಮೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. 1962ರಲ್ಲಿ ರಾಷ್ಟ್ರಪತಿಗಳಾದ ಮೇಲೆ ಅವರ ಹುಟ್ಟಿದ ದಿನವಾದ ಸೆಪ್ಟೆಂಬರ್ 5 ಎಲ್ಲ ಅಧ್ಯಾಪಕರ ದಿನವಾಯಿತು. ಆದರೆ ಆ ತಾರೀಖು ಸರಿಯಲ್ಲ, ತಾವು ಹುಟ್ಟಿದ್ದು 1887ರ ಸೆಪ್ಟೆಂಬರ್ 20ರಂದು ಎಂದು ಅವರೇ ನಂಬಿದ್ದರಂತೆ. ಮಗ ಗೋಪಾಲ್ ಬರೆದ ಜೀವನಚರಿತ್ರೆಯಲ್ಲಿ ಈ ಮಾತಿದೆ. ದಾಖಲೆಯ ದಿನವೊಂದು, ಹುಟ್ಟಿದ ದಿನ ಇನ್ನೊಂದು. ಇದು ದೊಡ್ಡವರಿಗೆ ಮಾತ್ರ ಬಂದ ಪಾಡಲ್ಲವೆಂದು 2025ರ ದಸರೆಯಲ್ಲಿ ನನಗೆ ತಿಳಿಯಿತು.

ನನ್ನ ಮನೆ ಬನ್ನಿಮಂಟಪದಲ್ಲಿ. ಅರಮನೆಯಿಂದ ಹೊರಟ ಜಂಬೂಸವಾರಿ ಮುಗಿಯುವುದು ನಮ್ಮಲ್ಲೇ ಅಲ್ಲವೇ? ವಿಜಯದಶಮಿಯ ದಿನ ರಸ್ತೆಯ ಬದಿಗೆ ಹೋಗಿ ನಿಂತೆ. ಪಕ್ಕದಲ್ಲಿ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಕಾಲೇಜಿನ ಅಟೆಂಡರು ನಿಂತಿದ್ದರು. ಹದಿನಾಲ್ಕು ವರ್ಷಗಳಿಂದ ನಮ್ಮ ಕೇಕನ್ನು ಬೇಕರಿಯಿಂದ ತರುವವರು, ಹಂಚುವವರು, ಆಮೇಲೆ ತಟ್ಟೆ ಲೋಟ ತೊಳೆಯುವವರು ಅವರೇ.

“ಇವತ್ತು ನಾನು ಹುಟ್ಟಿದ ದಿವಸ ಸಾರ್” ಎಂದರು ನಗುತ್ತಾ. “ಆಚೆ ಅಂಬಾರಿ ಬತ್ತಾ ಇತ್ತು, ಒಳಗೆ ನೀನು ಬಂದೆ ಅಂತ ಅವ್ವ ಹೇಳೋಳು. ಆಗ ಮಹಾರಾಜರೇ ಕೂತ್ಕೊಂಡು ಬರೋರು. ನೋಡಿ, ನನ್ನ ಹುಟ್ಟಿದ ಹಬ್ಬಕ್ಕೆ ಸರ್ಕಾರವೇ ರಜಾ ಕೊಡ್ತದೆ, ಆನೇನೂ ಕಳಿಸ್ತದೆ!”

“ರಿಜಿಸ್ಟರಿನಲ್ಲಿ ಏನಿದೆ?” ಎಂದೆ.

“ಜೂನ್ ಒಂದು. ಅದು ಮೇಷ್ಟ್ರು ಕೊಟ್ಟಿದ್ದು. ತಲೆ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟು ಅಂದ್ರು, ಮುಟ್ಟಿದೆ, ಬರ್ಕೊಂಡ್ರು. ನಮ್ಮ ಬೀದಿ ಹುಡುಗರೆಲ್ಲ ಜೂನ್ ಒಂದೇ ಸಾರ್.”

ಮನೆಗೆ ಬಂದು ಕ್ಯಾಲೆಂಡರ್ ಬಿಚ್ಚಿದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24, 2024ರಲ್ಲಿ 12, 2025ರಲ್ಲಿ 2. ತಾರೀಖು ಯಾವುದಾದರೂ ಕಾಲೇಜಿಗೆ ರಜ. ಜೂನ್ 1ರಂದು ನಾವು ಅಧ್ಯಾಪಕರು ಬೇಸಿಗೆ ರಜದಲ್ಲಿ. ಅದೂ ಇರಲಿ, ತಿಂಗಳ ಮೊದಲನೆಯ ದಿನ ಹುಟ್ಟಿದವರು ಅದರ ಹಿಂದಿನ ದಿನವೇ ನಿವೃತ್ತರಾಗಬೇಕೆಂಬುದು ಸೇವಾನಿಯಮ. ಅವರ ಪಾಲಿಗೆ ಆ ದಿನ 2026ರ ಮೇ 31. ಯಾವ ವಾರವೆಂದು ನೋಡಿದೆ: ಭಾನುವಾರ! ದೈವವೇ ಅವರನ್ನು ನಮ್ಮ ಕೇಕಿನಿಂದ ದೂರ ಇಟ್ಟಿದೆ ಎಂದು ನಕ್ಕೆ. ನಕ್ಕ ಮೇಲೆ ನಾಚಿಕೆಯಾಯಿತು. ದೈವ ದಿನಗಳನ್ನು ತಪ್ಪಿಸಿರಬಹುದು. ಪುಸ್ತಕದಲ್ಲಿ ಹೆಸರು ಬರೆಯದವರು ನಾವು.

ಕಾಲೇಜು ತೆರೆದ ದಿನ ವಿಷಯವನ್ನು ಎತ್ತಿದೆ. ವಾಣಿಜ್ಯದ ಮಿತ್ರರು, “ಕಡಿಮೆ ಸಂಬಳದವರನ್ನು ತಿಂಗಳಿಗೆ ನೂರು ರೂಪಾಯಿ ಹೇಗೆ ಕೇಳುವುದೆಂದು ಬಿಟ್ಟೆವು” ಎಂದರು. ಸುಳ್ಳಲ್ಲ. ಕರುಣೆಯಿಂದಲೇ ಬಿಟ್ಟಿದ್ದೆವು. ಅಂದೇ ತೀರ್ಮಾನವಾಯಿತು: ಚಂದಾ ಬೇಡ, ಅವರ ಹಬ್ಬವನ್ನು ನಾವೇ ಮಾಡೋಣ. ಎಲ್ಲರಿಗೂ ತಮ್ಮ ಔದಾರ್ಯದ ಬಗ್ಗೆ ಸಂತೋಷವೂ ಆಯಿತು.

ಮಾರನೆಯ ಬೆಳಿಗ್ಗೆ ಅವರು ಕೊಠಡಿಗೆ ಬಂದು ಪುಸ್ತಕದ ಮೇಲೆ ನೂರರ ಒಂದು ನೋಟಿಟ್ಟರು. “ಪುಕ್ಕಟೆ ಬೇಡಿ ಸಾರ್. ನಿಮ್ಮ ಮಕ್ಕಳ ಮದುವೇಲಿ ನಾನೂ ಮುಯ್ಯಿ ಮಾಡಿದ್ದೀನಿ. ಆಗ ಬೇಡ ಅನ್ನಲಿಲ್ಲ. ಇದಕ್ಕೂ ನನ್ನ ಹೆಸರು ಬರ್ಕೊಳಿ.”

ಯಾರೂ ಮಾತಾಡಲಿಲ್ಲ. ಮುಯ್ಯಿಯ ಅರ್ಥವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ: ಕೊಟ್ಟವನಿಗೆ ತಿರುಗಿ ಕೊಡುವುದು. ಕೊಡಲು ಬಿಡದೆ ಬರೀ ಉಣಬಡಿಸಿದರೆ ಅವನು ನೆಂಟನಾಗುವುದಿಲ್ಲ, ಹಂಗಿನವನಾಗುತ್ತಾನೆ. ಇಷ್ಟು ದಿನ ನಾವು ಅದನ್ನೂ ಮಾಡಿರಲಿಲ್ಲ. ಈಗ ಮಾಡಲು ಹೊರಟದ್ದು ಅದನ್ನೇ.

ಮಿತ್ರರು ಲೇಖನಿ ತೆಗೆದರು. “ತಾರೀಖು ಯಾವುದು ಹಾಕಲಿ?”

“ನಿಮಗೆ ಅನುಕೂಲವಾದ್ದು ಹಾಕಿ ಸಾರ್.”

ಪುಸ್ತಕವನ್ನು ನಾನು ತೆಗೆದುಕೊಂಡು ಇಪ್ಪತ್ತಮೂರನೆಯ ಹೆಸರಿನ ಮುಂದೆ ‘ಆಶ್ವಯುಜ ಶುದ್ಧ ದಶಮಿ’ ಎಂದು ಬರೆದೆ. ವಾಣಿಜ್ಯದ ಮಿತ್ರರು ತಮ್ಮ ಅಂಕಣ ಕೆಟ್ಟಿತೆಂಬಂತೆ ನೋಡಿದರೂ ಸುಮ್ಮನಿದ್ದರು.

ಅಂದು ಮಧ್ಯಾಹ್ನ ಕೇಕಿನ ಬದಲು ಮೈಸೂರು ಪಾಕು ಬಂತು. ಬನ್ನಿಮಂಟಪದಿಂದ ನಾಲ್ಕು ಬನ್ನಿ ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ, ಕೈಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು. ಅಭ್ಯಾಸಬಲದಿಂದ ತಟ್ಟೆ ತರಲು ಎದ್ದವರನ್ನು ಹಿಡಿದು ಕೂರಿಸಬೇಕಾಯಿತು. ಕುರ್ಚಿಯ ತುದಿಯಲ್ಲಿ, ಮುಂದಿನ ನಿಲ್ದಾಣದಲ್ಲಿ ಇಳಿಯುವವರ ಹಾಗೆ ಕುಳಿತರು. ಗಂಟೆ ಹೊಡೆಯಿತು. ಲೋಟ ತೊಳೆಯುವವರು ಯಾರೆಂಬ ಪ್ರಶ್ನೆ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಎದ್ದಿತು. ನನಗೆ ಆ ಹೊತ್ತಿನಲ್ಲಿ ಪಾಠವಿರಲಿಲ್ಲ.

“ಬಿಡಿ ಸಾರ್, ನಿಮಗಾಗಲ್ಲ” ಎಂದು ಅವರು ಹಿಂದೆ ನಿಂತು ಹೇಳುತ್ತಲೇ ಇದ್ದರು. ನಾನು ಬಿಡಲಿಲ್ಲ. ಅವರು ಹೇಳಿದ್ದೂ ತಪ್ಪಲ್ಲ. ಎರಡು ಲೋಟದ ತಳದಲ್ಲಿ ಕಾಫಿಯ ಕಲೆ ಹಾಗೆಯೇ ಉಳಿದಿತ್ತೆಂದು ಮಾರನೆಯ ದಿನ ತಿಳಿಯಿತು.