ಹಡಗು ತಪ್ಪುತ್ತಿದ್ದ ದಿನ

ಮಳೆ ಹಿಡಿದ ಸಂಜೆ ಬಚ್ಚಲೊಲೆಯ ಮುಂದೆ ಕೂತರೆ ಮೊಮ್ಮಕ್ಕಳದ್ದು ಒಂದೇ ಹಟ: "ಅಜ್ಜಾ, ಹಡಗು ತಪ್ಪುತ್ತಿದ್ದ ಕತೆ ಹೇಳಿ." ಹೇಳುತ್ತೇನೆ, ಒಲೆಗೆ ಇನ್ನೊಂದು ಕೊತ್ತಳಿಗೆ ಹಾಕಿ.

ಆಗ ನಾನು ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿದ್ದೆ. ಬೆಳಗಿನಿಂದ ರಾತ್ರಿವರೆಗೆ ಈರುಳ್ಳಿ ಹೆಚ್ಚುವ ಕೆಲಸ. ಜಮೈಕಾದ ಮಾಂಟೆಗೊ ಬೇಯಲ್ಲಿ ಒಂದು ಹಗಲು ರಜೆ ಸಿಕ್ಕಿತು. ಸಂಜೆ 5ಕ್ಕೆ ವಾಪಸಿರಬೇಕು. ಮೂವರು ಸೇರಿ ಟ್ಯಾಕ್ಸಿ ಹಿಡಿದು ಸುಮಾರು 80 ಕಿಲೋಮೀಟರ್ ದೂರದ ನೆಗ್ರಿಲ್‌ಗೆ ಹೊರಟೆವು.

ಡ್ರೈವರನ ಮುಖ ನೋಡಿದರೆ ನಮ್ಮ ಕಡೆಯವನೇ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ಗದ್ದೆಗೆ ಆಳು ಬೇಕಾಗಿ 1845ರಿಂದ ಭಾರತದವರನ್ನು ಕರಾರಿನ ಮೇಲೆ ತಂದರಲ್ಲ, ಆ ಸುಮಾರು 36,000 ಜನರಲ್ಲಿ ಇವನ ಮುತ್ತಜ್ಜನೂ ಒಬ್ಬ. ಊರು ಯಾವುದೆಂದರೆ "ಕಲ್ಕತ್ತ" ಎಂದ. ಅದು ಊರಲ್ಲ, ಹಡಗು ಹತ್ತಿದ ಬಂದರು. ಭಾಷೆ ಹೋಗಿದೆ, ರೊಟ್ಟಿ ಮತ್ತು ಆಡಿನ ಕರಿ ಉಳಿದಿವೆ.

ನೆಗ್ರಿಲ್‌ನ ಬಿಳಿ ಮರಳಿಗೆ 'ಸೆವೆನ್ ಮೈಲ್ ಬೀಚ್' ಎಂದು ಹೆಸರು. ಅಳೆದರೆ ನಾಲ್ಕು ಮೈಲಿಗಿಂತ ತುಸು ಹೆಚ್ಚು. "ಉಳಿದದ್ದು ವಾಪಸ್ ನಡೆಯೋದಕ್ಕೆ" ಎಂದು ಡ್ರೈವರ್ ನಕ್ಕ. ಮೀನುಗಾರರ ಊರಾಗಿದ್ದ ಅಲ್ಲಿಗೆ 1960-70ರ ದಶಕದಲ್ಲಿ ಹಿಪ್ಪಿಗಳು ಬಂದರು, ಊರವರ ಮನೆಯಲ್ಲೇ ಬಾಡಿಗೆಗೆ ಇದ್ದರು. ಹಿಂದೆಯೇ ಹೋಟೆಲುಗಳು ಬಂದವು. ತೆಂಗಿನ ಮರಕ್ಕಿಂತ ಎತ್ತರ ಕಟ್ಟಬಾರದೆಂದು ಆಗ ಕಟ್ಟಳೆಯಿತ್ತಂತೆ.

ಬ್ಲಡಿ ಬೇಯಲ್ಲಿ ಕಾರು ನಿಲ್ಲಿಸಿದ. ಹಿಂದೆ ತಿಮಿಂಗಿಲ ಕಡಿಯುತ್ತಿದ್ದ ಜಾಗ, ನೀರು ಕೆಂಪಾಗುತ್ತಿತ್ತಂತೆ. ಕಡಲುಗಳ್ಳ ಕ್ಯಾಲಿಕೊ ಜ್ಯಾಕ್ 1720ರಲ್ಲಿ ಸಿಕ್ಕಿಬಿದ್ದದ್ದೂ ನೆಗ್ರಿಲ್ ಬಳಿಯೇ. ಅವನು ತೊಡುತ್ತಿದ್ದ ಕ್ಯಾಲಿಕೊ ಬಟ್ಟೆಗೆ ಹೆಸರು ಬಂದದ್ದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ, ನೋಡಿ! ಅವನ ಹಡಗಿನ ಗಂಡಸರು ಕುಡಿದು ಬಿದ್ದಿದ್ದಾಗ ಆನ್ ಬಾನಿ, ಮೇರಿ ರೀಡ್ ಎಂಬ ಇಬ್ಬರು ಹೆಂಗಸರೇ ಹೊಡೆದಾಡಿದರು ಎಂಬುದು ಕತೆ. ಜ್ಯಾಕ್‌ನನ್ನು ಗಲ್ಲಿಗೇರಿಸಿದರು, ಹೆಂಗಸರಿಬ್ಬರೂ ಬಸುರಿಯರೆಂದು ಶಿಕ್ಷೆ ತಡೆದರು.

ಆಮೇಲೆ ಬಂಡೆಗಳ ಕಡೆ, 1974ರಲ್ಲಿ ಶುರುವಾದ ರಿಕ್ಸ್ ಕೆಫೆಗೆ. ಸುಮಾರು 35 ಅಡಿ ಮೇಲಿಂದ ಹುಡುಗರು ಸಮುದ್ರಕ್ಕೆ ಹಾರುವುದನ್ನು ನೋಡುತ್ತ ಗಂಟೆ ಮೂರಾದದ್ದೇ ಗೊತ್ತಾಗಲಿಲ್ಲ. ಹೋಗೋಣವೆಂದರೆ ಡ್ರೈವರ್ ಊಟದ ತಟ್ಟೆ ಹಿಡಿದು "ಸೂನ್ ಕಮ್" ಎಂದ. ನಿಮ್ಮಜ್ಜಿ ಹೊರಡುವಾಗ "ಬಂದೆ" ಎನ್ನುತ್ತಾಳಲ್ಲ, ಅದೇ ಅರ್ಥ!

ವಾಪಸ್ ದಾರಿಯಲ್ಲಿ ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡು ನನಗೆ ಬೆವರಿಳಿಯುತ್ತಿತ್ತು. ಅವನು ಮಾತ್ರ ನಿರಾಳ. "ನನ್ನ ಮುತ್ತಜ್ಜನ ಕರಾರಿನಲ್ಲೂ ವಾಪಸ್ ಹಡಗಿತ್ತು" ಎಂದ. "ತಪ್ಪಿತು."

ಏಣಿ ಎಳೆಯುವ ಹೊತ್ತಿಗೆ ಹತ್ತಿಕೊಂಡೆವು. ಸೂರ್ಯ ಮುಳುಗುವುದನ್ನು ನೋಡಲೆಂದೇ ಜನ ಹೋಗುವ ಊರಿಂದ ಅದೊಂದನ್ನು ಬಿಟ್ಟು ಬಂದಿದ್ದೆ. ರಾತ್ರಿ ಡೆಕ್ಕಿಗೆ ಬಂದಾಗ ದೂರದಲ್ಲಿ ನೆಗ್ರಿಲ್‌ನ 1894ರ ದೀಪಸ್ತಂಭ ಮಿನುಗುತ್ತಿತ್ತು. ಆ ಮುತ್ತಜ್ಜ ಇಂಥ ದಡದಲ್ಲಿ ನಿಂತು ಎಷ್ಟು ಹಡಗು ಎಣಿಸಿದ್ದನೋ! ಅಷ್ಟರಲ್ಲಿ ಕೆಳಗಿನಿಂದ ಕೂಗಿದರು. ಈರುಳ್ಳಿ ಕಾಯುತ್ತಿತ್ತು.