ಇಪ್ಪತ್ತು ಸೆಕೆಂಡು

ಹೈದರಾಬಾದಿನ ಕೃಷ್ಣಾನಗರದಲ್ಲಿ ಸಿನಿಮಾಕ್ಕೆ ಬೇಕಾದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಸಿಂಹಾಸನ, ಲಾಟೀನು, ಹಳೇ ಟೆಲಿಫೋನು, ಕತ್ತಿ, ಗುರಾಣಿ, ಎಲ್ಲವೂ ಸಿಗುತ್ತವೆ. ನನಗೆ ಬೇಕಿದ್ದದ್ದು ಆರು ಬಂದೂಕು. ಯಾವ ಕಾಲದ್ದು ಅಂತ ಅಂಗಡಿಯವನು ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು, "ಪೊಲೀಸಾ, ಬ್ರಿಟಿಷಾ?"

ಬ್ರಿಟಿಷ್ ಅಂದೆ. ಒಳಗಿನಿಂದ ಮರದ ಡಮ್ಮಿ ತಂದು ಮುಂದಿಟ್ಟ. ನೋಡಿದರೆ ಪಾಯಿಂಟ್ ತ್ರೀ ನಾಟ್ ತ್ರೀ! ನಮ್ಮ ಬಾಲ್ಯದಲ್ಲಿ ಊರಿನ ಪೊಲೀಸರ ಹೆಗಲ ಮೇಲೆ ಇರುತ್ತಿತ್ತಲ್ಲ, ಅದೇ. "ನಮ್ಮದು 1824ರ ಕಥೆ" ಅಂದೆ. ಬ್ರಿಟಿಷ್ ಸಿನಿಮಾ ಯಾವುದಾದರೂ ಇದೇ ಹೋಗುವುದು, ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಅಂತ ತೆಲುಗಿನಲ್ಲಿ ಸಮಾಧಾನ ಹೇಳಿದ.

ಆ ಡಮ್ಮಿ ಲೀ-ಎನ್‌ಫೀಲ್ಡ್ ರೈಫಲ್ಲಿನ ನಕಲು. ಲೀ-ಎನ್‌ಫೀಲ್ಡ್ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1895ರಲ್ಲಿ. ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ನಾನು ಬರಿಗೈಯಲ್ಲಿ ಮಲ್ಕಾಜ್‌ಗಿರಿಗೆ ವಾಪಸ್ ಬಂದೆ.

ನಮ್ಮ ಸುತ್ತಮುತ್ತ ಹದಿನಾಲ್ಕು ಕನ್ನಡದ ಮನೆಗಳಿವೆ. ಪ್ರತಿ ನವೆಂಬರಿನಲ್ಲಿ ಒಂದು ಭಾನುವಾರ ಸೇರಿ ರಾಜ್ಯೋತ್ಸವ ಮಾಡುತ್ತೇವೆ. ಮಕ್ಕಳ ಹಾಡು, ಒಂದು ನಾಟಕ, ಊಟ. 2024ಕ್ಕೆ ಕಿತ್ತೂರಿನ ಗೆಲುವಿಗೆ ಇನ್ನೂರು ವರ್ಷ ತುಂಬಿತ್ತು. ಹಾಗಾಗಿ ನಾಟಕ ಯಾವುದು ಅಂತ ಚರ್ಚೆಯೇ ಆಗಲಿಲ್ಲ. ಬರೆದು ಆಡಿಸುವವರು ರೈಲ್ವೆಯಿಂದ ರಿಟೈರ್ ಆಗಿ ಇಲ್ಲೇ ನೆಲೆಸಿರುವ ಧಾರವಾಡದ ಕಾಕಾ. ನನಗೆ ಬಂದದ್ದು ಸಾಮಾನು ಹೊಂದಿಸುವ ಕೆಲಸ. ಕಾಕಾ ಕೊಟ್ಟ ಪಟ್ಟಿಯಲ್ಲಿ ಹೀಗಿತ್ತು: ಕಂಪನಿ ಸಿಪಾಯಿಗಳಿಗೆ ಬಂದೂಕು ಆರು, ಕಿತ್ತೂರಿನವರಿಗೆ ಕತ್ತಿ ಹತ್ತು.

ಹತ್ತು ವರ್ಷದ ಮಗಳು ಆ ಪಟ್ಟಿ ಓದಿ ಕೇಳಿದಳು, "ಅಪ್ಪಾ, ನಮ್ಮವರ ಹತ್ರ ಬಂದೂಕು ಇರ್ಲಿಲ್ವಾ?"

ಅವಳದ್ದು ಅಮಟೂರು ಬಾಳಪ್ಪನ ಪಾತ್ರ. ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಸತ್ತ. ಅವನನ್ನು ಹೊಡೆದವನು ಬಾಳಪ್ಪ ಅಂತ ನಮ್ಮ ನಾಡಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಹೊಡೆದದ್ದು ಕತ್ತಿಯಿಂದಲ್ಲ, ಗುಂಡಿನಿಂದ. ಹೀಗಿದ್ದೂ ನಮ್ಮ ಪಟ್ಟಿಯಲ್ಲಿ ಬಾಳಪ್ಪನ ಕೈಗೂ ಕತ್ತಿಯೇ ಬಂದಿತ್ತು. ಅದನ್ನು ಓದಿದಾಗ ನನಗೂ ಏನೂ ಅನ್ನಿಸಿರಲಿಲ್ಲ.

ಯೋಚಿಸಿ ನೋಡಿ. ನಮ್ಮ ವೀರರೆಲ್ಲ ನಮ್ಮ ಕಣ್ಣಿಗೆ ಕತ್ತಿ ಹಿಡಿದೇ ಬರುತ್ತಾರೆ. ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಚೆನ್ನಮ್ಮ ಕುದುರೆಯ ಮೇಲೆ ಕತ್ತಿ ಎತ್ತಿದ್ದಾಳೆ. 1990ರಲ್ಲಿ ದೂರದರ್ಶನದಲ್ಲಿ ಶುರುವಾದ ಟಿಪ್ಪು ಧಾರಾವಾಹಿಯ ಹೆಸರಿನಲ್ಲೇ ಕತ್ತಿ ಇತ್ತು. ಟಿಪ್ಪುವಿನ ಸೈನ್ಯ ಕಂಪನಿಯವರಿಗೆ ಹೆದರಿಕೆ ಹುಟ್ಟಿಸಿದ್ದು ಕತ್ತಿಯಿಂದಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುವ ರಾಕೆಟ್ಟುಗಳು ಅದರ ಬಳಿ ಇದ್ದವು. ನನ್ನ ಊರಿನಿಂದ ಬಹಳ ದೂರವಿಲ್ಲದ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಒಂದು ಹಾಳು ಬಾವಿಯಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಬಂದೂಕುಗಳನ್ನೂ ಮೈಸೂರು ರಾಜ್ಯದಲ್ಲೇ ಮಾಡುತ್ತಿದ್ದರು. ಯುರೋಪಿನ ಮಾದರಿಯ ಚಕಮಕಿ ಕೋವಿಗಳು, ಮೇಲೆ ಹುಲಿಯ ಗುರುತು.

ನಮ್ಮ ಹೈದರಾಬಾದಿನದ್ದೂ ಇದೇ ಕಥೆ. ಗನ್‌ಫೌಂಡ್ರಿ ಅನ್ನುವ ಜಾಗದ ಹೆಸರು ಎಲ್ಲರ ಬಾಯಲ್ಲಿದೆ. ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 1795ರಲ್ಲಿ ಅಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆ ಕಟ್ಟಿಸಿದ್ದ. ನಾಲ್ಕು ವರ್ಷದ ನಂತರ ನಿಜಾಮನ ಸೈನ್ಯ ಕಂಪನಿಯ ಜೊತೆ ಶ್ರೀರಂಗಪಟ್ಟಣಕ್ಕೆ ಹೋಯಿತು. ಅಂದರೆ ಆ ಯುದ್ಧದಲ್ಲಿ ಕೋವಿ ಒಂದೇ ಕಡೆ ಇರಲಿಲ್ಲ.

ತೆರೆಯ ಮೇಲೆ ಮಾತ್ರ ಕೋವಿ ಯಾವಾಗಲೂ ಅವರದ್ದು, ಎದೆ ನಮ್ಮದು. ಇದೇ ಊರಿನವರು ಮಾಡಿದ ಆರ್‌ಆರ್‌ಆರ್ ಸಿನಿಮಾದಲ್ಲಿ, ಇಂಗ್ಲೆಂಡಿನಿಂದ ಸಮುದ್ರ ದಾಟಿ ಬರುವ ಗುಂಡಿನ ಬೆಲೆ ಎಷ್ಟು ಅಂತ ಬ್ರಿಟಿಷ್ ಅಧಿಕಾರಿ ಲೆಕ್ಕ ಹೇಳುವ ದೃಶ್ಯ ನಿಮಗೆ ನೆನಪಿರಬಹುದು. ನೋಡುವಾಗ ನನ್ನ ಮೈಯೂ ಉರಿದಿತ್ತು. ಆದರೆ ಆ ಕಥೆ ನಡೆಯುವುದು 1920ರ ಹೊತ್ತಿನಲ್ಲಿ. ಕಲ್ಕತ್ತೆಯ ಹತ್ತಿರದ ದಮ್‌ದಮ್‌ನಲ್ಲಿ 1890ರ ದಶಕದಲ್ಲೇ ರೈಫಲ್ ಗುಂಡು ತಯಾರಾಗುತ್ತಿತ್ತು. ಕುಪ್ರಸಿದ್ಧ ದಮ್‌ದಮ್ ಗುಂಡಿಗೆ ಹೆಸರು ಬಂದದ್ದೇ ಆ ಊರಿನಿಂದ. ಅಲ್ಲಿಂದ ಸ್ವಲ್ಪ ದೂರದ ಇಶಾಪುರದಲ್ಲಿ ರೈಫಲ್ಲುಗಳೇ ತಯಾರಾಗುತ್ತಿದ್ದವು. ನಮ್ಮವರ ಎದೆಗೆ ಬೀಳುವ ಗುಂಡನ್ನು ನಮ್ಮವರ ಕೈಯಲ್ಲೇ ಮಾಡಿಸುತ್ತಿದ್ದರು. ಸಿನಿಮಾದ ಮಾತಿಗಿಂತ ಈ ನಿಜ ಹೆಚ್ಚು ಚುಚ್ಚುತ್ತದೆ.

ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ಶನಿವಾರ ಅವಳನ್ನು ಸಾಲಾರ್‌ಜಂಗ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಆಯುಧಗಳ ವಿಭಾಗದಲ್ಲಿ ಹಳೆಯ ಬತ್ತಿ ಕೋವಿಗಳ ಮುಂದೆ ಅವಳು ತುಂಬ ಹೊತ್ತು ನಿಂತಳು. "ಇದರಲ್ಲಿ ಹೇಗೆ ಹೊಡೀತಿದ್ರು?" ಅಂದಳು. ಹೇಳಲು ನನಗೆ ಪುಸ್ತಕ ಬೇಕಾಗಲಿಲ್ಲ. ನಮ್ಮ ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು.

ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಇದ್ದ ಹಾಗೆ ಅದು ಬೆಳೆ ಕಾಯಲು ಲೈಸೆನ್ಸ್ ಇದ್ದ ಕೋವಿ. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಅಜ್ಜ ಅದನ್ನು ತುಂಬುವುದು ನೋಡುವುದೇ ನನಗೆ ಹಬ್ಬ. ನಳಿಗೆಯ ಬಾಯಿಂದ ಮದ್ದು ಹೊಯ್ಯಬೇಕು, ತೆಂಗಿನ ನಾರು ತುರುಕಬೇಕು, ಗಜ ಅನ್ನುವ ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಜಡಿಯುವುದು. ಕೊನೆಗೆ ಕೇಪು ಕೂರಿಸಬೇಕು. ಇಷ್ಟಾದರೆ ಒಂದು ಈಡು.

ನನಗೆ ಒಂಬತ್ತು ವರ್ಷ ಇರುವಾಗ ಒಂದು ರಾತ್ರಿ ಗದ್ದೆಗೆ ಹಂದಿ ನುಗ್ಗಿತು. ಅಜ್ಜ ಹೊಡೆದ ಈಡು ತಪ್ಪಿತು. ಗಾಬರಿಯಾದ ಹಂದಿ ಓಡದೆ ತಿರುಗಿ ನಿಂತಿತು. ನಮ್ಮ ನಾಯಿ ಅದರ ಮೇಲೆ ಬಿತ್ತು. ನಾನು ಬ್ಯಾಟರಿ ಹಿಡಿದಿದ್ದೆ. ಆ ಬೆಳಕಿನಲ್ಲಿ ಅಜ್ಜ ಮತ್ತೆ ಮದ್ದು ಹೊಯ್ಯುತ್ತಿದ್ದರು, ಕೈ ನಡುಗಿ ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. "ಬೆಳಕು ಸರಿ ಹಿಡಿಯೋ" ಅಂತ ಒಂದೇ ಸಮ ಹೇಳುತ್ತಿದ್ದರು. ಎರಡನೇ ಈಡಿಗೆ ಕೋವಿ ಸಿದ್ಧವಾಗುವಷ್ಟರಲ್ಲಿ ಹಂದಿ ಹೋಗಿತ್ತು. ನಾಯಿ ಬೆಳಗಿನ ತನಕ ಉಳಿಯಲಿಲ್ಲ. ಕೋವಿ ಅಂದರೆ ಇವತ್ತಿಗೂ ನನಗೆ ಶಬ್ದ ನೆನಪಾಗುವುದಿಲ್ಲ, ಎರಡು ಈಡುಗಳ ನಡುವಿನ ಆ ಹೊತ್ತು ನೆನಪಾಗುತ್ತದೆ.

ಸಿನಿಮಾದ ತಪ್ಪು ಬಂದೂಕು ನುಂಗಿಹಾಕುವುದು ಈ ಹೊತ್ತನ್ನೇ. ಕಿತ್ತೂರಿನ ಕಾಲದ ಕಂಪನಿ ಸಿಪಾಯಿಯ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಅಂತ ಕರೆಯುವ ಚಕಮಕಿ ಕೋವಿ. ಅದರ ಗುಂಡು ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ ದಪ್ಪ. ಕಾಗದದ ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದನ್ನು ಪಕ್ಕದ ಬಟ್ಟಲಿಗೆ ಹಾಕಿ ಮುಚ್ಚಬೇಕು. ಉಳಿದ ಮದ್ದನ್ನೂ ಗುಂಡನ್ನೂ ನಳಿಗೆಗೆ ಇಳಿಸಿ ಗಜದಿಂದ ಜಡಿಯಬೇಕು. ಕಲ್ಲು ಕಚ್ಚಿಸಿದ ಕೊಕ್ಕೆಯನ್ನು ಹಿಂದಕ್ಕೆ ಎಳೆದು ಕುದುರೆ ಒತ್ತಬೇಕು. ಚೆನ್ನಾಗಿ ಪಳಗಿದವನು ನಿಮಿಷಕ್ಕೆ ಮೂರು ಗುಂಡು ಹೊಡೆಯುತ್ತಿದ್ದ. ಅಂದರೆ ಒಂದಕ್ಕೆ ಇಪ್ಪತ್ತು ಸೆಕೆಂಡು. ನೂರು ಗಜ ದಾಟಿದರೆ ಗುರಿಗೆ ತಾಗುವ ಭರವಸೆ ಇಲ್ಲ. ಮಳೆ ಬಂದರೆ ಹೊತ್ತಿಕೊಳ್ಳುವುದೇ ಅನುಮಾನ.

ಈಗ ಆ ಕೈಗೆ ತ್ರೀ ನಾಟ್ ತ್ರೀ ಕೊಡಿ. ಅದರ ಹೊಟ್ಟೆಯಲ್ಲಿ ಹತ್ತು ಗುಂಡು ಇರುತ್ತವೆ. ಅದರ ಎದುರು ಕತ್ತಿ ಹಿಡಿದು ಓಡುವವರು ಒಂದೋ ಹುಚ್ಚರ ಹಾಗೆ, ಇಲ್ಲವೇ ಗುಂಡು ತಾಗದ ದೇವರ ಹಾಗೆ ಕಾಣುತ್ತಾರೆ. ಕಿತ್ತೂರಿನವರು ಎರಡೂ ಆಗಿರಲಿಲ್ಲ. ಮೊದಲ ಗುಂಡಿನ ಮಳೆ ಮುಗಿದ ಮೇಲೆ ಎಷ್ಟು ಹೊತ್ತು ಸಿಗುತ್ತದೆ, ಅಷ್ಟರಲ್ಲಿ ಎಷ್ಟು ದೂರ ಓಡಬಹುದು ಅನ್ನುವುದು ಆ ಕಾಲದ ಯಾವ ಸೈನಿಕನಿಗೂ ಗೊತ್ತಿದ್ದ ಲೆಕ್ಕ. ಅವರ ಧೈರ್ಯದಲ್ಲಿ ಬುದ್ಧಿ ಇತ್ತು. ತಪ್ಪು ಬಂದೂಕು ಕೊಟ್ಟರೆ ಆ ಬುದ್ಧಿಯನ್ನು ನಾವೇ ಕಿತ್ತುಕೊಂಡ ಹಾಗೆ.

ಇದನ್ನೆಲ್ಲ ಕಾಕಾ ಅವರಿಗೆ ಹೇಳಿದೆ. ಅವರು ಚಹಾ ಕುಡಿದು ಮುಗಿಸುವ ತನಕ ಸುಮ್ಮನಿದ್ದರು.

"ತಮ್ಮಾ, ಇದು ಹುಡುಗರ ನಾಟಕ. ಇಪ್ಪತ್ತು ಸೆಕೆಂಡು ಸ್ಟೇಜ್ ಮ್ಯಾಲೆ ಯಾರೂ ಮಾತಾಡಲಾರದ ನಿಂತ್ರ ಮಂದಿ ಎದ್ದು ಊಟಕ್ಕ ಹೋಗ್ತಾರ."

"ಒಂದು ಸಲ ಪ್ರಾಕ್ಟೀಸಿನಲ್ಲಿ ನೋಡಿ ಕಾಕಾ. ಸರಿ ಕಾಣದಿದ್ದರೆ ತೆಗೆದುಬಿಡೋಣ."

"ಮತ್ತ ಬಾಳಪ್ಪಗ ಬಂದೂಕು ಅಂತೀ?"

"ಹೌದು, ಬತ್ತಿ ಕೋವಿ. ಆಗ ನಮ್ಮ ಕಡೆ ಹೆಚ್ಚಿಗೆ ಇದ್ದದ್ದು ಅದೇ."

"ಅದು ಖರೇ ಬಿಡು. ಕತ್ತಿ ಹಿಡಿಸಿದ್ದು ನನ್ನ ತಪ್ಪs" ಅಂದರು.

ಆನಂದಬಾಗಿನ ಬಡಗಿಯೊಬ್ಬರ ಹತ್ತಿರ ಮರದ ಹಿಡಿಗಳನ್ನು ಮಾಡಿಸಿದೆ. ನಳಿಗೆಗೆ ವೈರಿಂಗಿನ ಪಿವಿಸಿ ಪೈಪು, ಕಪ್ಪು ಬಣ್ಣ ಬಳಿದದ್ದು. ಗಜಕ್ಕೆ ಪರದೆಯ ಕಡ್ಡಿ. ನಿಜವಾದ ಬ್ರೌನ್ ಬೆಸ್ ನಾಲ್ಕೂವರೆ ಅಡಿ ಉದ್ದ. ನಮ್ಮ ಸಿಪಾಯಿಗಳೇ ಅಷ್ಟು ಎತ್ತರ ಇದ್ದರು, ನಳಿಗೆಯ ಬಾಯಿಗೆ ಕೈ ಎಟುಕುತ್ತಿರಲಿಲ್ಲ. ಹಾಗಾಗಿ ಮೂರೂವರೆ ಅಡಿಗೆ ಇಳಿಸಿದೆ. ಅಷ್ಟೆಲ್ಲ ಭಾಷಣ ಬಿಗಿದ ನಾನೇ ಇತಿಹಾಸಕ್ಕೆ ಒಂದು ಅಡಿ ಮೋಸ ಮಾಡಿದೆ. ತೋಪುಗಳನ್ನು ಕಾಕಾ ಮಾತಿನಲ್ಲೇ ತೋರಿಸಿದರು. ಮಗಳ ಕೋವಿಗೆ ಹತ್ತಿಯ ಹಗ್ಗದ ಬತ್ತಿ ಕಟ್ಟಿ ತುದಿಗೆ ಕೆಂಪು ಬಣ್ಣ ಹಚ್ಚಿದೆ.

ನಾಟಕದ ದಿನ ಆರು ಸಿಪಾಯಿಗಳು ಸಾಲಾಗಿ ನಿಂತು ಹೊಡೆದರು. ಪರದೆಯ ಹಿಂದಿನಿಂದ ಡೋಲಿನ ಏಟು, ಮೇಲಿನಿಂದ ಟಾಲ್ಕಂ ಪೌಡರಿನ ಹೊಗೆ. ಕಿತ್ತೂರಿನ ಇಬ್ಬರು ಬಿದ್ದರು. ಆಮೇಲೆ ಮಾತಿಲ್ಲ. ಆರು ಮಕ್ಕಳು ತೋಟೆ ಕಚ್ಚಿದರು, ಮದ್ದು ಹೊಯ್ದರು, ಗಜ ಎಳೆದರು. ಪೈಪಿನೊಳಗೆ ಕಡ್ಡಿ ಬಡಿಯುವ ಸದ್ದು ಬಿಟ್ಟರೆ ಹಾಲಿನಲ್ಲಿ ಬೇರೆ ಸದ್ದಿಲ್ಲ. ಒಬ್ಬನ ಕೈಯಿಂದ ಕಡ್ಡಿ ಜಾರಿ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳುವಾಗ ಕೋಟೆಯ ಬಾಗಿಲು ತೆರೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸರು "ಅಯ್ಯೋ" ಅಂದರು. ಅದು ಕಿತ್ತೂರಿನವರಿಗೆ ಅಂದದ್ದೋ, ಆ ಹುಡುಗನಿಗೋ ತಿಳಿಯಲಿಲ್ಲ. ಗದ್ದಲದ ನಡುವೆ ಮಗಳು ಒಂದೇ ಒಂದು ಸಲ ಕೋವಿ ಎತ್ತಿದಳು. ಕಾಕಾ ಡೋಲಿಗೆ ಒಂದು ಏಟು ಕೊಟ್ಟರು. ಥ್ಯಾಕರೆ ಬಿದ್ದ.

ಯಾರೂ ಊಟಕ್ಕೆ ಏಳಲಿಲ್ಲ.

ಆಮೇಲೆ ಬಿಸಿಬೇಳೆಬಾತ್ ಬಡಿಸುವಾಗ ಗಜ ಜಾರಿಸಿಕೊಂಡಿದ್ದ ಹುಡುಗ ನನ್ನ ಹತ್ತಿರ ಬಂದ. ನಾಟಕ ಕೆಡಿಸಿಬಿಟ್ಟೆ ಅನ್ನುವ ಮುಖ. "ಅಂಕಲ್, ಬೇಕೂಂತ ಬೀಳಿಸಿದ್ದಲ್ಲ. ಅವರೆಲ್ಲ ಓಡಿ ಬರೋದು ಕಾಣಿಸ್ತಿತ್ತು, ನಂದು ಇನ್ನೂ ತುಂಬಿ ಆಗಿರ್ಲಿಲ್ಲ. ನಿಜವಾಗ್ಲೂ ಹೆದರಿಕೆ ಆಯ್ತು" ಅಂದ.

ನೀನು ಮಾಡಿದ್ದೇ ಸರಿ ಅಂದೆ. ನನಗೆ ಅಜ್ಜನ ನಡುಗುವ ಕೈ ನೆನಪಾಯಿತು. ಅದನ್ನು ಅವನಿಗೆ ಹೇಳಲಿಲ್ಲ. ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.