ನಮ್ಮ ಜಮೀನಿನ ಜಿಂಕೆಗಳು

ವಿಸ್ಕಾನ್ಸಿನ್ ರಾಜ್ಯದ ಐಯೊವಾ ಕೌಂಟಿಯಲ್ಲಿ ನಮ್ಮದೊಂದು ಹನ್ನೆರಡು ಎಕರೆ ಜಮೀನಿದೆ. ಬೆಳೆಯಿಲ್ಲ, ಓಕ್ ಮರಗಳು, ಹುಲ್ಲು, ಒಂದು ಸಣ್ಣ ತೊರೆ. "ಬರೀ ತೆರಿಗೆ ಕಟ್ಟೋಕೆ ತಗೊಂಡಿದ್ದೀರಿ" ಎಂಬುದು ನನ್ನಾಕೆಯ ಆಕ್ಷೇಪ. ಸಾಗರದ ಕಡೆ ಹುಟ್ಟಿದವನಿಗೆ ಕಾಡಿನ ಹುಚ್ಚು ಬಿಡಬೇಕಲ್ಲ!

ಮೂರು ವರ್ಷದ ಹಿಂದೆ ಮಗ ಎರಡು ಟ್ರೇಲ್ ಕ್ಯಾಮೆರಾ ತಂದು ಮರಗಳಿಗೆ ಕಟ್ಟಿಕೊಟ್ಟ. ಬಿಸಿ ಮೈಯ ಪ್ರಾಣಿ ಎದುರು ಸುಳಿದರೆ ಸಾಕು, ತಾನೇ ಚಿತ್ರ ತೆಗೆಯುತ್ತದೆ. ಶನಿವಾರ ಅದರ ಕಾರ್ಡ್ ತಂದು, ಕಾಫಿ ಹಿಡಿದು ಕೂತರೆ ವಾರದ ಸಮಾಚಾರವೆಲ್ಲ ಅದರಲ್ಲೇ. ರಕೂನ್, ಕಾಡು ಟರ್ಕಿ, ಅಪರೂಪಕ್ಕೆ ಕಯೋಟಿ. ಗಾಳಿಗೆ ಅಲ್ಲಾಡಿದ ಹುಲ್ಲಿನ ಚಿತ್ರಗಳೇ ನೂರಾರು ಅನ್ನಿ. ಆದರೆ ಯಜಮಾನಿಕೆ ಬಿಳಿಬಾಲದ ಜಿಂಕೆಗಳದ್ದು. ನಮ್ಮೂರಿನ ಜಿಂಕೆಗೆ ಜೀವಮಾನವಿಡೀ ಚುಕ್ಕೆ. ಇಲ್ಲಿಯದಕ್ಕೆ ಬಾಲ್ಯದಲ್ಲಿ ಮಾತ್ರ. ಚಳಿಗಾಲದಲ್ಲಿ ಗಂಡಿನ ಕೊಂಬು ಉದುರಿದರೆ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯುವುದೇ ಕಷ್ಟ.

ಹೋದ ವರ್ಷ ಅಕ್ಟೋಬರಿನಲ್ಲಿ ಒಂದು ಗಂಡು ಜಿಂಕೆ ಕಾಣಿಸಿತು. ಪಕ್ಕೆಲುಬು ಎಣಿಸಬಹುದಿತ್ತು. ತಲೆ ಜೋತುಬಿದ್ದಿತ್ತು, ಬಾಯಲ್ಲಿ ಜೊಲ್ಲು. ಓಕ್ ಕಾಯಿ ಉದುರುವ ಕಾಲದಲ್ಲಿ ಇದು ಹಸಿವಿನ ಸೊರಗಲ್ಲ ಎಂದಿತು ನನ್ನ ವೈದ್ಯ ಬುದ್ಧಿ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಇರಬೇಕು. ಹುಚ್ಚು ಹಸು ರೋಗದ ದಾಯಾದಿ ಇದು. ರೂಪಗೆಟ್ಟ ಪ್ರಯಾನ್ ಎಂಬ ಪ್ರೋಟೀನು ಮಿದುಳನ್ನು ಹಾಳುಮಾಡುತ್ತದೆ. ಔಷಧಿಯಿಲ್ಲ. ಈ ರಾಜ್ಯದಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ನಮಗೆ ದೂರವಲ್ಲದ ಮೌಂಟ್ ಹೋರೆಬ್ ಸುತ್ತಮುತ್ತ. ಮನುಷ್ಯರಿಗೆ ತಗುಲಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೂ ಸೋಂಕಿದ ಮಾಂಸ ತಿನ್ನಬಾರದು ಎನ್ನುತ್ತಾರೆ.

ಪಕ್ಕದ ಜಮೀನಿನ ರೈತನಿಗೆ ಚಿತ್ರ ತೋರಿಸಿದೆ. ಅವನು ಕೇಳಿದ್ದು ಒಂದೇ ಮಾತು: "ಡಾಕ್ಟರೇ, ಅಲ್ಲಿ ಜೋಳ ಯಾಕೆ?"

ಚಿತ್ರ ಚೆನ್ನಾಗಿ ಬರಲೆಂದು ಮುಸುಕಿನ ಜೋಳ ಸುರಿದವನು ನಾನೇ. ಜೊಲ್ಲಿನಿಂದ ಹರಡುವ ರೋಗ, ಒಂದೇ ರಾಶಿಗೆ ಹತ್ತು ಮೂತಿ! ಪ್ರಯಾನ್ ಮಣ್ಣಿನಲ್ಲೂ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ನಮ್ಮ ಕೌಂಟಿಯಲ್ಲಿ ಜಿಂಕೆಗೆ ಮೇವು ಹಾಕುವುದು ಕಾನೂನಿಗೆ ವಿರುದ್ಧವಂತೆ. ದಿನಕ್ಕೆ ಇಪ್ಪತ್ತು ಸಲ "ಕೈ ತೊಳೆಯಿರಿ" ಎನ್ನುವ ನನಗೆ ಇದು ಹೊಳೆಯಲೇ ಇಲ್ಲ. ಅಂದೇ ಗೋರಿ, ಚೀಲಕ್ಕೆ ತುಂಬಿ, ಕಸಕ್ಕೆ ಹಾಕಿದೆ.

ನವೆಂಬರಿನ ಒಂಬತ್ತು ದಿನದ ಬೇಟೆಗೆ ಆತ ಪ್ರತಿ ವರ್ಷ ಅನುಮತಿ ಕೇಳುತ್ತಿದ್ದ. ಸಸ್ಯಾಹಾರಿಯಾದ ನಾನು ಆಗಲ್ಲ ಎನ್ನುತ್ತಿದ್ದೆ. ಈ ಸಲ ಒಪ್ಪಿದೆ, ಹೊಡೆದದ್ದನ್ನು ಪರೀಕ್ಷೆಗೆ ಕಳಿಸಬೇಕೆಂಬ ಷರತ್ತಿನ ಮೇಲೆ. ಸೊರಗಿದ ಗಂಡು ಮತ್ತೆ ಕಾಣಲಿಲ್ಲ. ಸಿಕ್ಕಿದ್ದು ಗುಂಡುಕಲ್ಲಿನಂತಿದ್ದ ಒಂದು ಹೆಣ್ಣು. ಕತ್ತಿನ ದುಗ್ಧಗ್ರಂಥಿಯ ವರದಿ ಬಂತು: ಪಾಸಿಟಿವ್.

ಬೇಸಿಗೆಯಿಡೀ ಅದರ ಹಿಂದೆ ಎರಡು ಮರಿಗಳು ಓಡಾಡಿಕೊಂಡಿದ್ದವು. ಈಗಲೂ ಶನಿವಾರ ಕಾರ್ಡ್ ತರುತ್ತೇನೆ. ಮೊದಲು ಹುಡುಕುವುದು ಆ ಎರಡನ್ನೇ.